ಹನ್ನೊಂದನೇ ಮಹಡಿಯ ಬೀದಿ

ಚಳಿಗಾಲ ಆಗಷ್ಟೇ ಹಲ್ಲು ಬಿಡುತ್ತಿತ್ತು. ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ನದಿಯಿಂದ ಎದ್ದ ಮಂಜು ಹೋಟೆಲಿನ ಹೊಸ್ತಿಲವರೆಗೂ ಬಂದು ನಿಂತಿತ್ತು.

ನನ್ನ ಬಲಗೈ ಕುದಿಯುವ ಕಡಾಯಿಯ ಮೇಲಿತ್ತು!

ಕೆಂಪು ಮೆಣಸಿನಕಾಯಿ, ದನದ ಕೊಬ್ಬು, ಕೊತಕೊತ ಸದ್ದು. ಕೈಗೂ ಸಾರಿಗೂ ನಡುವೆ ಒಂದೇ ಗೇಣು. ಮಣಿಕಟ್ಟು ಹಿಡಿದಿದ್ದವನು ತಾನ್ ಗುವಾಂಗ್. ನದಿ ಹರಿದುಹೋಗುವ ಕೆಳಗಿನ ಊರಿನ ಕಟುಕ. ಅವನ ಆಳುಗಳಿಬ್ಬರು ನನ್ನ ಹೆಗಲು ಅದುಮಿ ನಿಂತಿದ್ದರು.

"ನೋಡು ಮುದುಕಪ್ಪ, ಸಾಯಂಕಾಲದೊಳಗೆ ನನ್ನ ತಂಗಿ ಸಿಗಬೇಕು."

"ಕಾಲಲ್ಲಿ ಹುಡುಕೋದು ತಾನೆ? ಕೈ ಬೇಯಿಸ್ಕೋ," ಎಂದೆ.

ಅವನು ನಕ್ಕ. ನಗುತ್ತಲೇ ಕೈಯನ್ನು ಇನ್ನೆರಡು ಬೆರಳು ಕೆಳಗಿಳಿಸಿದ.

"ಸಿಗ್ತಾಳೆ! ಬಿಡು ಮಾರಾಯ!"

ಬಿಟ್ಟ.

ನನ್ನ ಹೆಸರು ರಾನ್. ಮೂವತ್ತು ವರ್ಷ ಈ ಚೋಂಗ್‌ಚಿಂಗ್ ಪಟ್ಟಣದ ಮೆಟ್ಟಿಲುಗಳಲ್ಲಿ ಬಿದಿರ ದಡಿಗೆ ಹಗ್ಗ ಕಟ್ಟಿ ಹೊರೆ ಹೊತ್ತೆ. ಮಂಡಿ ಹೋದ ಮೇಲೆ ಓಡಿಹೋದವರನ್ನು ಹುಡುಕಿಕೊಡುವ ಕೆಲಸ ಹಿಡಿದೆ. ಓದಿದ್ದು ಎರಡನೇ ಕ್ಲಾಸು. ಮರೆತದ್ದು ಯಾವುದೂ ಇಲ್ಲ.

ವಿಷಯ ಇಷ್ಟೇ. ತಂಗಿಯ ಹೆಸರು ಯಿನ್‌ಫೆಂಗ್. ಇಪ್ಪತ್ತಮೂರು ವರ್ಷ. ಅಣ್ಣ ಅವಳನ್ನು ಕಲ್ಲುಕ್ವಾರಿಯ ಸಾಹುಕಾರನಿಗೆ ಗೊತ್ತುಮಾಡಿದ್ದ. ಸಾಹುಕಾರನಿಗೆ ಐವತ್ತು. ಆಗಲೇ ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ್ದವನು. ಹುಡುಗಿ ನಮ್ಮೂರಿನ ಲಾರಿ ಮೆಕ್ಯಾನಿಕ್ ಒಬ್ಬನ ಜೊತೆ ಶನಿವಾರ ಓಡಿದ್ದಳು. ಸುಮ್ಮನೆ ಓಡಿರಲಿಲ್ಲ... ತಾಯಿ ಅಕ್ಕಿ ಗುಡಾಣದ ತಳದಲ್ಲಿ ಬಚ್ಚಿಟ್ಟಿದ್ದ ಮನೆಪುಸ್ತಕವನ್ನೂ ಕದ್ದು ಓಡಿದ್ದಳು!

ಕಂದು ರಟ್ಟಿನ ಪುಸ್ತಕ. ಮನೆಮಂದಿಯ ಹೆಸರೆಲ್ಲ ಅದರಲ್ಲಿ. ಆ ಕಾಲದಲ್ಲಿ ಅದಿಲ್ಲದೆ ಯಾವ ಆಫೀಸಿನವನೂ ಮದುವೆಗೆ ಮುದ್ರೆ ಒತ್ತುತ್ತಿರಲಿಲ್ಲ. ಅದಿದ್ದರೆ ಯಾವ ಅಣ್ಣನ ಅಪ್ಪಣೆಯೂ ಬೇಕಿರಲಿಲ್ಲ.

"ನಾಳೆ ಆಫೀಸಿನ ಬಾಗಿಲಲ್ಲೇ ಹಿಡಿ," ಎಂದೆ.

"ಯಾವ ಆಫೀಸು? ಮೂವತ್ತಕ್ಕೂ ಮೇಲಿವೆ. ಆ ಹುಡುಗ ಯಾವ ಪೇಟೆಯವನು ಅಂತ ಗೊತ್ತಿದ್ದಿದ್ರೆ ನಿನ್ನ ಮುಖ ಯಾಕೆ ನೋಡ್ತಿದ್ದೆ?"

ಅದೂ ಸರಿ. ಸೋಮವಾರ ಒಂಬತ್ತಕ್ಕೆ ಬಾಗಿಲು ತೆರೆದು ಮುದ್ರೆ ಬಿತ್ತೋ, ಹುಡುಗಿ ಕೈತಪ್ಪಿದ ಹಾಗೆ. ಉಳಿದದ್ದು ಒಂದು ಭಾನುವಾರ.

ಪ್ರೀತಿ ಮಾಡಿದವರು ಭಾನುವಾರ ಏನು ಮಾಡುತ್ತಾರೆ ಹೇಳಿ? ಹುಡುಗಿ ದೊಡ್ಡ ಊರು ಕಂಡವಳಲ್ಲ. ಊರು ತೋರಿಸುತ್ತಾನೆ!

ಆದರೆ ಊರು ನೋಡಲು ಬಂದವರು ಲಕ್ಷ ಜನ. ನಾನು ಮುಖ ನೋಡಲಿಲ್ಲ. ಕಾಲರ್ ನೋಡಿದೆ.

ಮದುವೆ ಪತ್ರಕ್ಕೆ ಅಂಟಿಸುವ ಫೋಟೊಗೆ ಹಿಂದೆ ಕೆಂಪು ಪರದೆ, ಇಬ್ಬರಿಗೂ ಬಿಳಿ ಅಂಗಿ. ನಾಳೆ ಮುದ್ರೆ ಬೇಕಾದವರು ಇವತ್ತು ಬೆಳಿಗ್ಗೆಯೇ ಸ್ಟುಡಿಯೊಗೆ ಹೋಗಿರಬೇಕು. ಆ ಚಳಿಯಲ್ಲಿ ಎಲ್ಲರ ಕತ್ತಿಗೂ ಉಣ್ಣೆ. ಬಿಳಿ ಕಾಲರ್ ಯಾರಿಗೆ?

ಹತ್ತೂವರೆಗೆ ಸಿಕ್ಕರು. ನದಿ ದಾಟಿಸುವ ಕೇಬಲ್ ಕಾರಿನ ಸಾಲಿನಲ್ಲಿ. ಎರಡು ಕೋಟು, ಎರಡು ಹೊಸ ಬಿಳಿ ಕಾಲರ್. ಹುಡುಗಿಯ ಹೆಗಲಿಗೆ ಬಟ್ಟೆಚೀಲ. ಅದರ ಮೇಲೆ ಒಂದು ಕೈ... ಸದಾ.

ಪುಸ್ತಕ ಅಲ್ಲಿತ್ತು.

ಅದೇ ಡಬ್ಬಿಯೊಳಗೆ ಹತ್ತಿದೆ. ಕೆಳಗೆ ನದಿ, ಮೇಲೆ ಮಂಜು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಕಣ್ಣು ಬಿಡೇ! ಇದಕ್ಕೇನಾ ನಾನು ಸಾಲಲ್ಲಿ ನಿಂತಿದ್ದು?"

"ಹಗ್ಗ ಹರಿದ್ರೆ?"

"ಹರಿದ್ರೆ ನಿಮ್ಮೂರಿಗೇ ತೇಲ್ಕೊಂಡು ಹೋಗ್ತೀವಿ. ಖರ್ಚಿಲ್ಲ."

"ಥೂ, ನಿನ್ನ ಬಾಯಿಗಿಷ್ಟು! ತಾತಾ, ನೋಡಿ ಇವನ್ನ. ನಾಳೆ ನನ್ನ ಗಂಡ ಆಗೋನು ಮಾತಾಡೋ ಮಾತಾ ಇದು?"

ನಾನು ನಕ್ಕೆ. ಅಷ್ಟು ಸಾಕಾಯಿತು. ಮುದುಕರ ನಗುವಿಗೆ ಯಾರೂ ಚೀಟಿ ಕೇಳುವುದಿಲ್ಲ.

ಆಚೆ ದಡದಲ್ಲಿ ಅವರ ಫೋಟೊ ತೆಗೆದೆ. ಬಹುಮಹಡಿ ಕಟ್ಟಡದ ಹೊಟ್ಟೆಯೊಳಗೆ ನುಗ್ಗಿ ಹೋಗುವ ರೈಲು ಎಲ್ಲಿಂದ ಚೆನ್ನಾಗಿ ಕಾಣುತ್ತದೆಂದು ಕರೆದೊಯ್ದು ತೋರಿಸಿದೆ. ಹುಡುಗಿ ಕೂಗಿಯೇ ಬಿಟ್ಟಳು. ಮಧ್ಯಾಹ್ನ ಖಾರದ ಸೇವಿಗೆ ಕೊಡಿಸಿದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಿಂದೆವು. ಹುಡುಗನ ಹೆಸರು ದಾಪೆಂಗ್. ನನ್ನ ಬಟ್ಟಲಿಗೆ ತನ್ನ ಪಾಲಿನ ಮಾಂಸದ ತುಂಡು ಹಾಕಿದ.

"ತಿನ್ನಿ ತಾತ. ನಾಳೆ ಮದುವೆ ಊಟ ಅಂದ್ಕೊಳ್ಳಿ."

ತಿಂದೆ. ರುಚಿಯಾಗಿತ್ತು.

"ಪುಸ್ತಕದ ಪ್ರತಿ ಪುಟದ ಜೆರಾಕ್ಸ್ ಮಾಡಿಸಿದ್ದೀರಾ?" ಎಂದೆ, ಬಾಯಿ ಒರೆಸಿಕೊಂಡು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಜೆರಾಕ್ಸ್ ಬೇಕಾ?"

"ಬೇಕಾ ಅಂತೀರಲ್ಲ! ಹೋದ ತಿಂಗಳು ನನ್ನ ತಮ್ಮನ ಮಗನ್ನ ವಾಪಸ್ಸು ಕಳಿಸಿದ್ರು. ಇವತ್ತು ಜೆರಾಕ್ಸ್ ಅಂಗಡಿ ಎಲ್ಲ ಬಂದ್... ನನ್ನ ಸೊಸೆ ಕೆಲಸ ಮಾಡೋ ಕಡೆ ಮೆಷೀನಿದೆ. ನೋಡೋಣ."

ಸುಳ್ಳು. ಜೆರಾಕ್ಸೂ ಇಲ್ಲ, ಸೊಸೆಯೂ ಇಲ್ಲ!

ಕರೆದೊಯ್ದದ್ದು ನದಿಗೆ ಅಂಟಿಕೊಂಡ ಹಳೆಯ ಕಟ್ಟಡಕ್ಕೆ. ನಮ್ಮೂರು ಬೆಟ್ಟದ ಮೈಗೆ ಕಟ್ಟಿದ ಊರು. ಆ ಕಟ್ಟಡದ ಒಂದನೇ ಮಹಡಿಯ ಬಾಗಿಲು ಕೆಳಗಿನ ಗಲ್ಲಿಗೆ. ಹನ್ನೊಂದನೇ ಮಹಡಿಯ ಬಾಗಿಲು ಮೇಲಿನ ಬೀದಿಗೆ. ಅಲ್ಲಿ ಬಸ್ಸು, ಟ್ಯಾಕ್ಸಿ, ಸಂತೆ. ಕೆಳಗಿನ ಗಲ್ಲಿಯಲ್ಲಿ ಭಾನುವಾರ ನಾಯಿಯೂ ಇರುವುದಿಲ್ಲ. ಕಿರುಚಿದರೆ ನದಿಗೇ ಕೇಳಬೇಕು.

ಕೆಳಗಿನ ಬಾಗಿಲಲ್ಲಿ ನಿಲ್ಲಿಸಿದೆ.

"ನಾನೂ ಬರ್ತೀನಿ ತಾತ," ಎಂದ ದಾಪೆಂಗ್.

"ಬೇಡಪ್ಪ. ಧಣಿಗೆ ಗೊತ್ತಾದ್ರೆ ಅವಳ ಕೆಲಸ ಹೋಗುತ್ತೆ. ಹತ್ತು ನಿಮಿಷ."

ಅವನು ಅನುಮಾನಿಸಿದ. ಹುಡುಗಿ ಚೀಲದೊಳಗೆ ಕೈ ಹಾಕಿದಳು.

"ಕೊಡೋಣ ಬಿಡೋ. ತಾತ ಈ ಮಂಡಿ ಇಟ್ಕೊಂಡು ಎಲ್ಲಿಗೆ ಓಡ್ತಾರೆ?"

ಕೊಟ್ಟಳು. ರಟ್ಟು ಅವಳ ಮೈಯ ಬಿಸಿಗೆ ಬೆಚ್ಚಗಿತ್ತು.

ಲಿಫ್ಟಿನೊಳಗೆ ಹೋಗಿ ಹನ್ನೊಂದು ಒತ್ತಿದೆ. ಫೋನು ತೆಗೆದೆ.

"ಕೆಳಗಿನ ಗಲ್ಲಿ. ಹಳೇ ಗೋಡೌನಿನ ಪಕ್ಕದ ಬಾಗಿಲು. ಇಬ್ಬರೂ ಇದ್ದಾರೆ. ಹುಡುಗ ಗಟ್ಟಿಗ... ಮೂವರೂ ಬನ್ನಿ."

"ಎರಡು ನಿಮಿಷ!" ಎಂದ ಗುವಾಂಗ್.

ಮೇಲಿನ ಬೀದಿಗೆ ಕಾಲಿಟ್ಟೆ. ಜನರೋ ಜನ. ಇಪ್ಪತ್ತು ಹೆಜ್ಜೆ ನಡೆದಿರಬೇಕು...

"ತಾತಾ!"

ತಿರುಗಿದೆ. ದಾಪೆಂಗ್! ಹನ್ನೊಂದು ಮಹಡಿ ಮೆಟ್ಟಿಲು ಹತ್ತಿ ಬಂದಿದ್ದ. ಎದೆ ತಿದಿಯಂತೆ ಆಡುತ್ತಿತ್ತು.

ನಾನು ಲೆಕ್ಕ ತಪ್ಪಿದ್ದೆ. ಅವನು ಈ ಊರವನು. ಹೊರಗಿನವನಾಗಿದ್ದರೆ ಒಂದನೇ ಮಹಡಿಯ ಬಾಗಿಲೊಂದೇ ಬಾಗಿಲು ಅಂದುಕೊಂಡು ಅಲ್ಲೇ ಕಾವಲು ನಿಲ್ಲುತ್ತಿದ್ದ. ಇಂಥ ಕಟ್ಟಡಕ್ಕೆ ಮೇಲೊಂದು ಬೀದಿ ಇರುತ್ತದೆಂದು ನಮ್ಮೂರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಓಡಿದೆ. ಓಟವಾ ಅದು! ಕಿತ್ತಳೆ ಬುಟ್ಟಿ ಉರುಳಿಸಿದೆ. ಟ್ಯಾಕ್ಸಿಯವನ ಬೈಗುಳ ತಿಂದೆ. ಸೇತುವೆಯ ಕಂಬಿಯ ಹತ್ತಿರ ಕತ್ತಿನ ಪಟ್ಟಿಗೆ ಕೈ ಬಿತ್ತು. ಬೆನ್ನು ಕಂಬಿಗೆ, ಕಾಲು ಗಾಳಿಗೆ.

"ಕಳ್ಳ ಮುದುಕ! ಪುಸ್ತಕ ಕೊಡು! ಬಿಸಾಕಿಬಿಡ್ತೀನಿ ನದಿಗೆ!"

"ತಗೋ... ತಗೋ ಮಗ..."

ಕಿತ್ತುಕೊಂಡ. ಪುಟ ತಿರುವಿ ಅವಳ ಹೆಸರು ನೋಡಿದ. ನಕ್ಕ ಕೂಡ. ಗೆದ್ದವನ ನಗು.

"ಹುಡುಗಿ ಎಲ್ಲಿ?" ಎಂದೆ.

"ಕೆಳಗೇ ನಿಲ್ಲು ಅಂದಿದ್ದೀನಿ. ಲಿಫ್ಟಲ್ಲಿ ನೀನು ಇಳಿದು ಬಂದ್ರೆ ಹಿಡ್ಕೋ ಅಂತ..."

ಆಗ ನನ್ನ ಜೇಬಿನ ಫೋನು ರಿಂಗಾಯಿತು. ತೆಗೆದು ಒತ್ತಿದೆ. ಕಟುಕನ ಗಂಟಲು. ಕಿವಿಗೆ ಇಡುವ ಅಗತ್ಯವೇ ಇರಲಿಲ್ಲ.

"ಸಿಕ್ಕಳು ಮುದುಕಪ್ಪ! ಒಬ್ಬಳೇ ನಿಂತಿದ್ದಳು! ಗಾಡಿಗೆ ಹಾಕ್ಕೊಂಡ್ವಿ!"

ದಾಪೆಂಗನ ಮುಖ ನೋಡಬೇಕಿತ್ತು ನೀವು. ಅಥವಾ ಬೇಡ, ನೋಡದಿದ್ದದ್ದೇ ಒಳ್ಳೆಯದು.

"ಲಿಫ್ಟಿಗೆ ಕಾಯಬೇಡ. ಮೆಟ್ಟಿಲಲ್ಲಿ ಓಡು," ಎಂದೆ.

ಓಡಿದ. ಹನ್ನೊಂದು ಮಹಡಿ. ಕೆಳಗೆ ಹೋದಾಗ ಅವಳ ಒಂದು ಚಪ್ಪಲಿ ಸಿಕ್ಕಿತಂತೆ.

ಸಂಜೆ ಗುವಾಂಗನಿಗೆ ಹೇಳಿದೆ, ಪುಸ್ತಕ ಹೋಯಿತು ಎಂದು. ಕೈ ಮತ್ತೆ ಕಡಾಯಿಗೆ ಬೀಳುತ್ತದೆ ಅಂದುಕೊಂಡಿದ್ದೆ.

"ಹೋಗ್ಲಿ ಬಿಡು. ಕಳೆದುಹೋಯ್ತು ಅಂತ ಬರೆದುಕೊಟ್ರೆ ವಾರದಲ್ಲಿ ಹೊಸದು ಕೊಡ್ತಾರೆ," ಎಂದ, ಕಡ್ಡಿಯಿಂದ ಹಲ್ಲು ಕೆದಕುತ್ತ. "ತಂಗಿ ಕಳೆದುಹೋದ್ರೆ ಕೊಡ್ತಾರಾ?"

ಸೋಮವಾರ ಬೆಳಿಗ್ಗೆ ದೋಣಿಕಟ್ಟೆಯ ಮೆಟ್ಟಿಲಲ್ಲಿ ಅವಳ ಪೆಟ್ಟಿಗೆ ಹೊರಲು ನನಗೇ ಹೇಳಿದ. ಹೊತ್ತೆ. ಅವಳು ಆಳುಗಳಿಬ್ಬರ ನಡುವೆ ಇಳಿಯುತ್ತಿದ್ದಳು. ಬಿಳಿ ಕಾಲರಿನ ಗುಂಡಿ ಕಿತ್ತುಹೋಗಿತ್ತು. ಬೈಯಲಿಲ್ಲ, ಉಗಿಯಲಿಲ್ಲ.

"ಪಾಚಿ ಇದೆ ತಾತ, ನೋಡಿ ಕಾಲಿಡಿ," ಎಂದಳು. ಅಷ್ಟೇ.

ಆ ಹೊತ್ತಿಗೆ ದಾಪೆಂಗ್ ಅವನ ಪೇಟೆಯ ಆಫೀಸಿನ ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದನಂತೆ, ಎದೆಗೆ ತನ್ನದೂ ಅವಳದೂ ಎರಡು ಮನೆಪುಸ್ತಕ ಅವಚಿಕೊಂಡು. ಹೇಗಾದರೂ ತಪ್ಪಿಸಿಕೊಂಡು ಅಲ್ಲಿಗೇ ಬರುತ್ತಾಳೆ ಎಂದು.

ಯಿನ್‌ಫೆಂಗ್ ಹೊರಟದ್ದು ಆ ಸೋಮವಾರವೇ, ಎಂಟೂವರೆಯ ದೋಣಿಗೆ. ಆಫೀಸು ತೆರೆದದ್ದು ಒಂಬತ್ತಕ್ಕೆ... ಸರ್ಕಾರದವರನ್ನು ದೂರುವ ಹಾಗಿಲ್ಲ, ಒಂದು ನಿಮಿಷವೂ ತಡ ಮಾಡಲಿಲ್ಲ!