ನಲವತ್ತು ಕೆಂಪು ಚೀಟಿ

"ಕೈ ತೆಗಿ. ಲೈನ್ ನಿಲ್ಲಿಸ್ತಿದ್ದೀನಿ."

ಹೇಳಿದವನು ಕಾರ್ಖಾನೆಯ ಟೂಲ್ ಎಂಜಿನಿಯರ್. ಮುಂದಿನ ತಿಂಗಳು ಅವಳನ್ನು ಮದುವೆಯಾಗಬೇಕಾದವನು!

ಬಸ್ಸಿನ ಚಕ್ರ ಕೂರಿಸುವ ಹಬ್‌ಗಳಿಗೆ ಬೋಲ್ಟ್ ಬಿಗಿಯುವುದರಲ್ಲಿ ಅವಳದು ಒಂಬತ್ತು ವರ್ಷ ಪಳಗಿದ ಕೈ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಗಟ್ಟಿಗಿತ್ತಿ ಎಂದು.

ಅಂಥವಳು ಬಿಗಿದ ನಲವತ್ತು ಹಬ್‌ಗಳಿಗೆ ಅವನು ‘ತಿರಸ್ಕೃತ’ ಎಂಬ ಕೆಂಪು ಚೀಟಿ ಅಂಟಿಸುತ್ತಿದ್ದ. ಎಲ್ಲರ ಕಣ್ಣೆದುರಿಗೇ!

"ಟಾರ್ಕ್ ಸರಿಯಾಗೇ ಬಂದಿದೆಯಲ್ಲ! ಕಣ್ಣು ಕಾಣ್ಸಲ್ವಾ?"

"ತಿರುಗಿಸೋ ಬಲ, ಟಾರ್ಕು, ಬಂದಿದೆ. ಆದ್ರೆ ಅರವತ್ತು ಡಿಗ್ರಿ ತಿರುಗಬೇಕಾದ ಬೋಲ್ಟ್ ಮೂವತ್ತಕ್ಕೇ ನಿಂತಿದೆ. ಮುಟ್ಟಿದ್ರೆ ಬಿಗಿ ಅನ್ಸುತ್ತೆ. ರಸ್ತೆಗಿಳಿದ ಮೇಲೆ ಚಕ್ರ ಸಡಿಲವಾಗುತ್ತೆ."

"ಬೋಲ್ಟ್ ಒರಟಾಗಿ ಹೋಗ್ತಿದೆ ಅಂತ ಬೆಳಿಗ್ಗೆನೇ ಬಡ್ಕೊಂಡೆನಲ್ಲ! ಮಿಷನ್ ಸರಿಯಿದೆ, ನಡೆಸು ಅಂದೋರು ಯಾರು?"

ಅವನು ಉತ್ತರಿಸುವಷ್ಟರಲ್ಲಿ ಸೂಪರ್‌ವೈಸರ್ ಬಂದೇಬಿಟ್ಟರು.

"ಏನಮ್ಮಾ, ಈಗಲೇ ಮದುವೆ ಗುಂಗಾ? ಕೈ ಎಲ್ಲಿತ್ತು, ಮನಸ್ಸು ಎಲ್ಲಿತ್ತು?"

ಸುತ್ತಲೂ ಕಿಸಕ್ಕನೆ ನಗು. ಅವಳು ಅವನತ್ತ ನೋಡಿದಳು. ಒಂದು ಮಾತು... ನನ್ನ ಪರವಾಗಿ ಒಂದೇ ಒಂದು ಮಾತು ಆಡಬಾರದೇ?

ಅವನು ತಲೆ ತಗ್ಗಿಸಿ ಮುಂದಿನ ಚೀಟಿ ಅಂಟಿಸಿದ.

ಸಂಜೆ ಮನೆಗೆ ಬಂದವಳೇ ಚೀಲ ಬಿಸಾಡಿದಳು. "ಅಮ್ಮಾ, ನಂಗೆ ಈ ಮದುವೆ ಬೇಡ!"

"ನಿಂಗೆ ಕೋಪ ಮೂಗಿನ ತುದೀಲೇ. ಏನಾಯ್ತೇ?"

"ಬಾಯಿಲ್ಲದ ಗಂಡನ್ನ ಕಟ್ಕೊಂಡು ಏನು ಮಾಡ್ಲಿ?"

ಹನ್ನೊಂದು ಸಲ ಅವನ ಕರೆ ಬಂತು. ಹನ್ನೊಂದು ಸಲವೂ ಅವಳು ಎತ್ತಲಿಲ್ಲ.

ಮರುದಿನ ಸೂಪರ್‌ವೈಸರ್ ಮೇಜಿನ ಮೇಲೆ ಅವಳ ಹೆಸರಿಗೆ ಎಚ್ಚರಿಕೆ ಪತ್ರ ಸಿದ್ಧವಾಗಿತ್ತು. ಸಹಿ ಹಾಕಲು ಅವಳು ಸಿಟ್ಟಿನಿಂದಲೇ ಪೆನ್ನು ಎತ್ತಿಕೊಂಡಳು.

ಬಾಗಿಲು ತಳ್ಳಿಕೊಂಡು ಅವನು ಬಂದ. ಮೊಣಕೈವರೆಗೂ ಗ್ರೀಸು. ಬೊಗಸೆ ತುಂಬ ಬಿಚ್ಚಿದ ಬೋಲ್ಟ್‌ಗಳನ್ನು ಪತ್ರದ ಮೇಲೇ ಸುರಿದ.

"ಸಾರ್, ಈ ಪತ್ರ ನನ್ನ ಹೆಸರಿಗೆ ಬರೀರಿ. ಹೊಸ ಬೋಲ್ಟ್‌ಗಳ ತಿರುಪಿನ ಥ್ರೆಡ್ಡಿನಲ್ಲಿ ತುಕ್ಕುತಡೆ ಲೇಪ ದಪ್ಪಗೆ ಕೂತಿದೆ. ಹಾಕಿದ ಬಲವೆಲ್ಲ ಅಲ್ಲಿನ ಉಜ್ಜಾಟಕ್ಕೇ ಖರ್ಚಾಗಿದೆ. ಇವಳು ಬೆಳಿಗ್ಗೆನೇ ಹೇಳಿದ್ಲು. ಕೇಳದೆ ಇದ್ದೋನು ನಾನು."

ಸೂಪರ್‌ವೈಸರ್ ಬೋಲ್ಟ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳೆಯ ಪತ್ರ ಹರಿದು, ಹೊಸದನ್ನು ಅವನ ಹೆಸರಿಗೇ ಬರೆದರು.

ಹೊರಗೆ ಬಂದರೂ ಅವಳ ಸಿಟ್ಟು ಇಳಿದಿರಲಿಲ್ಲ.

"ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಿನ್ನೆ ಕಾರಣ ಗೊತ್ತಿರ್ಲಿಲ್ಲ..."

"ಕಾರಣ ಗೊತ್ತಿಲ್ದಿದ್ರೆ ಏನು? ನಾನು ಗೊತ್ತಿದ್ದೆನಲ್ಲ!"

"ತಪ್ಪಾಯ್ತು. ಹೆಂಡತಿಯಾಗೋಳ ಪರ ವಹಿಸ್ತಾನೆ ಅಂತಾರೇನೋ ಅಂತ ಹೆದರಿದೆ."

"ಈಗ ಅನ್ನಲ್ವಾ?"

"ಅನ್ನಲಿ. ನೀನಿಲ್ಲದೆ ನಂಗಾಗಲ್ಲ."

ಅವಳ ಕಣ್ಣು ತುಂಬಿತು. ಛೀ, ಈ ಕಣ್ಣೀರಿಗೆ ಹೊತ್ತು ಗೊತ್ತು ಒಂದೂ ಇಲ್ಲ!

"ಮದುವೆ ಬೇಡ ಅಂತ ಅಮ್ಮಂಗೆ ಹೇಳ್ಬಿಟ್ಟಿದ್ದೀನಿ. ಈಗ ನೀವೇ ಫೋನ್ ಮಾಡಿ."

"ಏನಂತ ಹೇಳ್ಲಿ?"

"ತಪ್ಪು ನಂದು ಅಂತ."

"ಆಮೇಲೆ?"

"ಆಮೇಲೆ... ಫೋನ್ ನನ್ನ ಕೈಗೆ ಕೊಡಿ."