ಔಟ್‌ಹೌಸಿನ ದೊರೆಸಾನಿ

ದೊರೆಸಾನಿ ಸತ್ತಿದ್ದನ್ನು ಮೊದಲು ಕಂಡವಳು ಮನೆಗೆಲಸದ ನರಸಮ್ಮ. ಗುರುವಾರ ಬೆಳಗ್ಗೆ ಎಂಟರ ಸುಮಾರಿಗೆ ಕಸ ಗುಡಿಸಲು ಹೋಗಿ ಔಟ್‌ಹೌಸಿನ ಬಾಗಿಲು ತಳ್ಳಿದಳು. ಚಿಲಕ ಹಾಕಿರಲಿಲ್ಲ. ಟ್ರಂಕು ಬೋರಲು ಬಿದ್ದಿತ್ತು. ಬಟ್ಟೆಯೆಲ್ಲ ಚೆಲ್ಲಾಪಿಲ್ಲಿ. ಮಂಚದ ಮೇಲೆ ಮುದುಕಿ, ಮುದುಕಿಯ ಮುಖದ ಮೇಲೆ ದಿಂಬು. ನರಸಮ್ಮ ಕಿರುಚಿದ ಕಿರುಚಿಗೆ ಚಾಮರಾಜಪೇಟೆಯ ಆ ಬೀದಿಯ ಅರ್ಧ ಜನ ಹಲ್ಲುಜ್ಜುವುದನ್ನು ಬಿಟ್ಟು ಓಡಿಬಂದರು.

ಇನ್‌ಸ್ಪೆಕ್ಟರ್ ಚಲುವರಾಜು, ಅಂದರೆ ನಾನು, ಹೋಗುವಷ್ಟರಲ್ಲಿ ಆ ಅರ್ಧ ಬೀದಿ ಔಟ್‌ಹೌಸಿನ ಒಳಗೇ ನಿಂತಿತ್ತು. ಹೆಜ್ಜೆ ಗುರುತು, ಬೆರಳ ಗುರುತು ಎಲ್ಲ ಗೋವಿಂದ. ಒಬ್ಬ ಮಹಾನುಭಾವ ಟ್ರಂಕನ್ನು ಎತ್ತಿ ನೆಟ್ಟಗೆ ಇಟ್ಟಿದ್ದ. ಎಲ್ಲರನ್ನೂ ಬೈದು ಆಚೆ ಕಳಿಸಿ ದಿಂಬನ್ನು ಎತ್ತಿ ನೋಡಿದೆ.

ದಿಂಬಿಗೆ ಬಿಳಿ ಬಣ್ಣ ಮೆತ್ತಿಕೊಂಡಿತ್ತು. ಮುದುಕಿ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಬಣ್ಣ. ಅದು ಅಳಿಸಿಹೋದ ಕಡೆ ಕಂಡ ಚರ್ಮ ನಮ್ಮ ನಿಮ್ಮ ಹಾಗೇ ಗೋಧಿ ಬಣ್ಣದ್ದು. ದೊರೆಸಾನಿ ಎಂದು ಇಡೀ ಬೀದಿ ಕರೆಯುತ್ತಿದ್ದ ಹೆಂಗಸು ದೊರೆಸಾನಿಯೇ ಅಲ್ಲ. ಬೆರಳಲ್ಲಿ ಕೆಂಪು ಹರಳಿನ ಉಂಗುರ ಹಾಗೇ ಇತ್ತು. ಟ್ರಂಕು ಮಗುಚಿದ ಕಳ್ಳನಿಗೆ ಉಂಗುರ ಕಾಣಲಿಲ್ಲವೇ? ನನಗೆ ಅಲ್ಲೇ ಏನೋ ಸರಿಯಿಲ್ಲ ಅನ್ನಿಸಿತು.

ಮನೆಯ ಯಜಮಾನರು ದೊರೆಸ್ವಾಮಿ, ರಿಟೈರ್ಡ್ ಹೆಡ್‌ಮಾಸ್ಟರು. ಅರವತ್ತಾರು ವಯಸ್ಸು, ಹಣೆಯಲ್ಲಿ ನಾಮ, ಮಾತು ಅಳೆದು ತೂಗಿ. ಔಟ್‌ಹೌಸು ಮನೆಯ ಹಿಂದೆ, ಬೇರೆಯೇ ಸೂರಿನ ಕೆಳಗೆ. ಎರಡು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ಈ ಹೆಂಗಸು ಬಾಡಿಗೆಗೆ ಬಂದರಂತೆ. ಹೆಸರು ಮಿಸೆಸ್ ವಲೇರಾ, ಕನ್ನಡ ಬಾರದು, ತಮಗೂ ಅವರಿಗೂ ಬಾಡಿಗೆ ಬಿಟ್ಟರೆ ಬೇರೆ ಮಾತಿಲ್ಲ. ನರಸಮ್ಮ ಕೂಗಿದಾಗಲೇ ತಮಗೂ ವಿಷಯ ತಿಳಿದದ್ದು. 

ಅವರ ಹೆಂಡತಿ ಅಂಬುಜಮ್ಮ ನನಗೆ ಜಗಲಿಯ ಮೇಲೆ ಕಾಫಿ ತಂದಿಟ್ಟರು, ಬೇರೆ ಲೋಟದಲ್ಲಿ. ನನ್ನ ಜಾತಿ ಬೀದಿಗೆಲ್ಲ ಗೊತ್ತು. ನಾನೂ ಕುಡಿದು ಲೋಟವನ್ನು ಅಲ್ಲೇ ಇಟ್ಟೆ. ಆಕೆಯ ಕಣ್ಣು ಮಾತ್ರ ನಿಜವಾಗಿಯೂ ಕೆಂಪಾಗಿತ್ತು. ಮೊಮ್ಮಗಳ ಮದುವೆ ಸಂಕ್ರಾಂತಿ ಕಳೆದ ಮೇಲೆ ಇದೆ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚಾಗುತ್ತಿದೆ, ಇಂಥ ಹೊತ್ತಲ್ಲಿ ಹೀಗಾಯಿತಲ್ಲ ಎಂದು ಪೇಚಾಡಿಕೊಂಡರು.

ಅಕ್ಕಪಕ್ಕದವರ ಬಾಯಲ್ಲಿ ಇನ್ನೊಂದು ಹೆಸರು ಬಂತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ನಂಜಪ್ಪ. ವಾರವಾರವೂ ಬರುತ್ತಿದ್ದ. ಬುಧವಾರ ಸಂಜೆಯೂ ಬಂದಿದ್ದ, ಜೋರು ಜಗಳ ಕೇಳಿಸಿತ್ತು. ಅವನ ಕೊಡೆ ಔಟ್‌ಹೌಸಿನ ಮೂಲೆಯಲ್ಲೇ ಇತ್ತು.

* * *

ನಂಜಪ್ಪನ ಅಂಗಡಿ ಎಂದರೆ ಒಬ್ಬ ಮನುಷ್ಯ ಓರೆಯಾಗಿ ನುಗ್ಗುವಷ್ಟು ಜಾಗ. ಸುತ್ತ ಹಳೇ ಇಂಗ್ಲಿಷ್ ಸಿನಿಮಾ ಪತ್ರಿಕೆಗಳ ಕಟ್ಟು. ಸುದ್ದಿ ಕೇಳಿದವನೇ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತ. ಕೊಲೆಗಾರರು ಅಳುವುದನ್ನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಕಾದೆ. ಆಮೇಲೆ ಅವನು ಒಂದು ಪತ್ರಿಕೆ ತೆಗೆದು ನನ್ನ ಮಡಿಲಿಗೆ ಹಾಕಿದ.

ಮುಖಪುಟದಲ್ಲಿ ಒಬ್ಬ ಚೆಲುವೆ. ಹಾಲಿನಂಥ ಮುಖ, ದೊಡ್ಡ ಕಣ್ಣು. ಐರಿಸ್ ವಲೇರಾ, ಹಾಲಿವುಡ್ ತಾರೆ. ಔಟ್‌ಹೌಸಿನ ಮುದುಕಿ ಇವಳೇ ಎಂದ. ನನಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೇ, ಅದರಲ್ಲೂ ಇಂಗ್ಲಿಷ್ ಸಿನಿಮಾ ಅಂದರೆ ನಿದ್ದೆ. ಆದರೂ ನಂಜಪ್ಪ ಹೇಳಿದ್ದನ್ನು ಕೇಳುತ್ತಾ ಕೂತೆ.

ಆಕೆ ಹದಿನೇಳನೆಯ ವಯಸ್ಸಿಗೆ ಒಂದು ವಿಲಾಯಿತಿ ಡ್ಯಾನ್ಸ್ ಕಂಪನಿಯ ಜೊತೆ ಹಡಗು ಹತ್ತಿದವಳು. ಅಮೆರಿಕದಲ್ಲಿ ಮೂಕಿ ಸಿನಿಮಾ ಕಾಲ. ಸ್ಟುಡಿಯೋದವರು ಅವಳ ಹಣೆಯ ಕೂದಲು ಕೀಳಿಸಿದರು, ಹಲ್ಲು ಸರಿಮಾಡಿಸಿದರು, ಮೈಗೆಲ್ಲ ಬಿಳಿ ಬಣ್ಣ ಬಳಿಸಿದರು. ಸ್ಪೇನಿನ ಜಮೀನ್ದಾರನ ಮಗಳು ಎಂದು ಊರಿಗೆಲ್ಲ ಸಾರಿದರು. ಹುಟ್ಟಿದ ಊರಿನ ಸುದ್ದಿ ಬಾಯಿಬಿಟ್ಟರೆ ಆವತ್ತೇ ಕೆಲಸದಿಂದ ವಜಾ, ಇದು ಕರಾರು. ಟಾಕಿ ಬಂದಾಗ ಉಚ್ಚಾರಣೆ ಕಲಿಸಲು ಮೇಷ್ಟರನ್ನಿಟ್ಟರು. ರಾಣಿ, ನರ್ತಕಿ, ಗೂಢಚಾರಿಣಿ, ಏನೇ ಪಾತ್ರವಾದರೂ ಕೊನೆಯ ರೀಲಿನಲ್ಲಿ ಸಾಯಬೇಕು. ಸಾಯುವುದನ್ನು ಅವಳಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲವಂತೆ. ಮೂರು ಮದುವೆ, ಮೂರೂ ಮುರಿದವು. ಆಮೇಲೆ ಕಲರ್ ಫಿಲಂ ಬಂತು. ಕಪ್ಪುಬಿಳುಪಿನಲ್ಲಿ ಮುಚ್ಚಿಹೋಗುತ್ತಿದ್ದ ಬಣ್ಣ ಕಲರಿನಲ್ಲಿ ಬಣ್ಣವೆಂದೇ ಕಾಣತೊಡಗಿತು. ಒಂದೆರಡು ವರ್ಷದಲ್ಲಿ ಕರೆಯುವವರು ಇಲ್ಲವಾದರು.

ಅವಳನ್ನು ತರಕಾರಿ ಅಂಗಡಿಯ ಹತ್ತಿರ ನೋಡಿ ಗುರುತು ಹಿಡಿದವನು ನಂಜಪ್ಪ. ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ದಿನ ಅಚ್ಚ ಕನ್ನಡದಲ್ಲಿ, ಅದೂ ನಮ್ಮಜ್ಜಿಯರ ಕಾಲದ ಕನ್ನಡದಲ್ಲಿ, ಕೂತ್ಕೋ ಎಂದಳಂತೆ. ತಾನು ಈ ಊರಿನವಳೇ ಎಂದಷ್ಟೇ ಹೇಳಿದ್ದಳು. ಯಾವ ಮನೆ, ಹೆತ್ತವರು ಇಟ್ಟ ಹೆಸರು ಏನು, ಅದು ಅವನಿಗೂ ಗೊತ್ತಿಲ್ಲ.

"ಜಗಳ ಯಾತಕ್ಕೆ?" ಎಂದೆ.

"ಫೋಟೋ ತೆಗೀತೀನಿ ಅಂದೆ ಸಾರ್. ಬಯ್ದ್ರು. ಆಮೇಲೆ ತಾವೇ ಸಮಾಧಾನ ಆಗಿ ಹೇಳಿದ್ರು. ಭಾನುವಾರ ಪೇಪರ್‌ನವರನ್ನ ಕರ್ಕೊಂಬಾ, ಬಣ್ಣ ಹಚ್ಚದೆ ಕೂತ್ಕೋತೀನಿ, ನನ್ನ ಹೆಸರು ಹೇಳ್ತೀನಿ. ಸಾಯೋದ್ರೊಳಗೆ ಒಂದ್ಸಲ ಯಾರಾದ್ರೂ ನನ್ನ ಆ ಹೆಸರಲ್ಲಿ ಕರೀಬೇಕು ಅಂತ."

ಅವನ ಅಂಗಡಿಯಲ್ಲಿ ಅವಳ ಹಳೇ ಫೋಟೋಗಳ ಆಲ್ಬಮ್ ಸಿಕ್ಕಿತು. ಅವರೇ ಕೊಟ್ಟರು ಎಂದ. ಸಾಕ್ಷಿ ಯಾರು? ಯಾರೂ ಇಲ್ಲ. ಮೇಲಿನವರು ಫೋನ್ ಮಾಡಿ ಇನ್ನೇನು ಬೇಕು, ಒಳಗೆ ಹಾಕಿ ಎಂದರು. ಹಾಕಿದೆ. ಆದರೆ ಊಟ ಸೇರಲಿಲ್ಲ. ಭಾನುವಾರ ಅವಳು ಬಾಯಿಬಿಟ್ಟರೆ ನಂಜಪ್ಪನಿಗೆ ಲಾಭ. ಅವಳು ಬಾಯಿಬಿಡದೆ ಹೋದರೆ ಯಾರಿಗೆ ಲಾಭ?

* * *

ಶನಿವಾರ ನಸುಕಿನಲ್ಲಿ ದೊರೆಸ್ವಾಮಿಗಳ ಮನೆಗೆ ಹೊರಟೆ. ಇನ್ನೊಂದು ಸುತ್ತು ವಿಚಾರಿಸೋಣ ಎಂದು. ಡಿಸೆಂಬರ್ ಚಳಿ, ಧನುರ್ಮಾಸ. ಬೀದಿಯ ಕೊನೆಯ ವರದರಾಜ ದೇವಸ್ಥಾನದಲ್ಲಿ ಪೂಜೆ ನಡೆದಿತ್ತು. ಗಂಟೆ ಸದ್ದು, ಪೊಂಗಲಿನ ತುಪ್ಪದ ವಾಸನೆ. ಒಳಗೆ ಮಫ್ಲರ್ ಸುತ್ತಿಕೊಂಡ ಹಿರಿಯರೆಲ್ಲ ಸಾಲಾಗಿ ನಿಂತಿದ್ದರು.

ದೊರೆಸ್ವಾಮಿ ಮಾತ್ರ ರಸ್ತೆಯ ಈಚೆ ಬದಿಯಲ್ಲಿ, ಹೂವಿನ ಮುನಿಯಕ್ಕನ ಬುಟ್ಟಿಯ ಪಕ್ಕ, ಕೈಮುಗಿದು ನಿಂತಿದ್ದರು. ನಾನು ಮರೆಗೆ ಸರಿದೆ. ಅರ್ಚಕರು ತೀರ್ಥದ ಬಟ್ಟಲು ಹಿಡಿದು ಬಾಗಿಲವರೆಗೆ ಬಂದರೆ ಇವರು ಎರಡೂ ಕೈ ಅಡ್ಡ ಮಾಡಿ ಬೇಡ ಎಂದು ತಲೆಯಾಡಿಸಿ ಹೊರಟುಹೋದರು.

ಮುನಿಯಕ್ಕನನ್ನು ಕೇಳಿದೆ. ಧನುರ್ಮಾಸದಲ್ಲಿ ಒಂದು ದಿನವೂ ಪೂಜೆ ತಪ್ಪಿಸದ ಮೇಷ್ಟ್ರು ಈ ಮೂರು ದಿನದಿಂದ ಒಳಗೇ ಹೋಗಿಲ್ಲ, ಇಲ್ಲೇ ನಿಂತು ಹೋಗುತ್ತಾರೆ ಎಂದಳು.

"ಮೂರು ದಿನ ಅಂದ್ರೆ? ನಿನ್ನೆ, ಇವತ್ತು, ಇನ್ನೊಂದು?"

"ಗುರುವಾರ ಸಾರ್. ಆವತ್ತೂ ಹಿಂಗೇ ನಿಂತಿದ್ರು. ನಾನು ಬುಟ್ಟಿ ಇಳಿಸ್ತಾ ಇದ್ದೆ, ಇನ್ನೂ ಕತ್ಲು."

ಗುರುವಾರ ನರಸಮ್ಮ ಕಿರುಚಿದ್ದು ಎಂಟಕ್ಕೆ. ಕತ್ತಲಲ್ಲೇ ಈ ಮನುಷ್ಯ ದೇವರಿಂದ ದೂರ ನಿಂತಿದ್ದಾರೆ.

ಪೂಜೆ ಮುಗಿದ ಮೇಲೆ ಅರ್ಚಕರ ಹತ್ತಿರ ಹೋಗಿ, ಯಾರದೋ ಮಾತು ಎನ್ನುವ ಹಾಗೆ ಸೂತಕದ ವಿಚಾರ ಎತ್ತಿದೆ. ಬಾಡಿಗೆಯವರು ಸತ್ತರೆ ಮನೆಯವರಿಗೆ ಎಂಥ ಸೂತಕ, ಹೆಣ ಹೋದ ಮೇಲೆ ಸ್ನಾನ ಮಾಡಿದರೆ ಮುಗಿಯಿತು ಎಂದರು. ಮದುವೆಯಾಗಿ ಹೋದ ಅಕ್ಕತಂಗಿಯರಾದರೆ ಎಂದು ಕೇಳಿದೆ.

"ಮೂರು ದಿನ," ಎಂದರು ಅರ್ಚಕರು. "ತಿಳಿದ ಗಳಿಗೆಯಿಂದ."

* * *

ದೊರೆಸ್ವಾಮಿ ಜಗಲಿಯ ಮೇಲೆ ಕೂತಿದ್ದರು. ಬಾಗಿಲ ಹಿಂದೆ ಅಂಬುಜಮ್ಮ. ನಾನು ನಿಂತುಕೊಂಡೇ ಹೇಳಿದೆ. ಗುರುವಾರ ಬೆಳಗಿನ ಜಾವ ನೀವು ಗುಡಿಗೆ ಕಾಲಿಡಲಿಲ್ಲ. ಜ್ವರ ಬಂದಿದ್ದರೆ ಮನೆಯಲ್ಲಿ ಮಲಗಿರುತ್ತಿದ್ದಿರಿ, ರಸ್ತೆಗೇ ಬರುತ್ತಿರಲಿಲ್ಲ. ತೀರ್ಥವನ್ನೂ ಬೇಡ ಎಂದಿರಿ. ಅಂದರೆ ಮೈಲಿಗೆ. ಊರಿಗೆ ಸುದ್ದಿ ತಿಳಿಯುವ ಮೊದಲೇ ನಿಮಗೆ ಸಾವು ಗೊತ್ತಿತ್ತು. ಹೆಣ ಗುರುವಾರವೇ ಆಸ್ಪತ್ರೆಗೆ ಹೋಯಿತು, ಆದರೂ ನೀವು ಮೂರು ದಿನ ಹೊರಗೇ ನಿಂತಿರಿ. ಆಕೆ ನಿಮ್ಮ ಬಾಡಿಗೆಯವರಲ್ಲ, ಒಡಹುಟ್ಟಿದವರು. ಭಾನುವಾರ ಆಕೆ ಅದನ್ನು ಹೇಳುವವರಿದ್ದರು.

ಅವರ ಮುಖ ಕಲ್ಲಾಯಿತು. "ನನ್ನಕ್ಕ ಸತ್ತು ಐವತ್ತಮೂರು ವರ್ಷ ಆಯ್ತು ಇನ್‌ಸ್ಪೆಕ್ಟರೇ. ಪ್ಲೇಗಿನಲ್ಲಿ. ಬೀದಿಗೆಲ್ಲ ಗೊತ್ತು. ವರ್ಷಾವರ್ಷ ತಿಥಿ ಮಾಡ್ತೀನಿ."

"ಹಾಗಾದ್ರೆ ಈ ಮೂರು ದಿನ ಯಾರ ಸೂತಕ ಮಾಡಿದ್ರಿ?"

ಬಾಯಿ ತೆರೆದರು, ಮುಚ್ಚಿದರು. ಯಾರದೂ ಅಲ್ಲ ಎಂದುಬಿಟ್ಟಿದ್ದರೆ ನಾನು ಏನು ಮಾಡುವ ಹಾಗಿತ್ತು? ಆದರೆ ಆ ಮಾತನ್ನು ಅವರು ಆಡಲಾರದೆ ಹೋದರು. ಅಕ್ಕನ ಮುಖದ ಮೇಲೆ ದಿಂಬು ಒತ್ತಲು ಹೆದರದವರು, ಟ್ರಂಕು ಮಗುಚಿ ಕಳ್ಳತನದ ನಾಟಕ ಆಡಿದವರು, ಮೈಲಿಗೆಯಲ್ಲಿ ಗುಡಿ ಹೊಸಿಲು ದಾಟಲು ಹೆದರಿದರು. ನನ್ನ ಸರ್ವೀಸಿನಲ್ಲಿ ಇಂಥ ಹೆದರಿಕೆಯನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಎಲ್ಲ ಹೊರಬಿತ್ತು. ಅಕ್ಕನ ಹೆಸರು ಗೋದಾ. ಅವಳು ಡ್ಯಾನ್ಸ್ ಕಂಪನಿಯ ಜೊತೆ ಹೋದಾಗ ತಂದೆ ಮಗಳು ಪ್ಲೇಗಿಗೆ ಸತ್ತಳೆಂದು ಹೇಳಿ ಕರ್ಮ ಮುಗಿಸಿಬಿಟ್ಟರು. ಆಗ ತಮ್ಮನಿಗೆ ಹದಿಮೂರು. ಎರಡು ವರ್ಷದ ಹಿಂದೆ ಗೇಟಿನಲ್ಲಿ ನಿಂತ ಮುದುಕಿಯನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಔಟ್‌ಹೌಸಿನಲ್ಲಿ ಇರಬಹುದು, ಆದರೆ ಮುಖಕ್ಕೆ ಬಣ್ಣ ಇರಬೇಕು, ಕನ್ನಡ ಆಡಬಾರದು, ಯಾರಾದರೂ ಕೇಳಿದರೆ ಪರದೇಶಿ ಎನ್ನಬೇಕು ಎಂದರು. ಹಾಲಿವುಡ್ಡಿನವರು ಬರೆಸಿಕೊಂಡ ಕರಾರೇ ಇದು. ತವರಿನಲ್ಲೂ ಅದನ್ನೇ ಬರೆಸಿಕೊಂಡರು. ಪಾಪದ ಹೆಂಗಸು ಅದಕ್ಕೂ ಒಪ್ಪಿಕೊಂಡಿದ್ದಳು, ಹುಟ್ಟಿದ ಮನೆಯ ಹಿತ್ತಲಾದರೂ ಸಿಕ್ಕಿತಲ್ಲ ಎಂದು.

ಮೊಮ್ಮಗಳ ಮದುವೆ ಗೊತ್ತಾದ ಮೇಲೆ ಒಂದೇ ಒಂದು ಕೇಳಿದಳು. ಲಗ್ನಪತ್ರಿಕೆಯಲ್ಲಿ ಮನೆಯ ಹಿರಿಯರ ಹೆಸರಿನ ಜೊತೆ ಗೋದಾ ಎಂದು ಒಂದು ಸಾಲು ಹಾಕಿಸು. ದೊರೆಸ್ವಾಮಿ ಆಗುವುದಿಲ್ಲ ಎಂದರು. ಹಾಗಾದರೆ ಭಾನುವಾರ ನಾನೇ ಪೇಪರಿನಲ್ಲಿ ಹಾಕಿಸುತ್ತೇನೆ ಎಂದಳು. ಬುಧವಾರ ಅವಳಿಗೆ ಕೊನೆಯ ದಿನವಾಯಿತು.

ಅಂಬುಜಮ್ಮ ಬಾಗಿಲ ಹಿಂದಿನಿಂದ ಈಚೆ ಬಂದರು. ಅವರು ಈ ಮನೆಗೆ ಸೊಸೆಯಾಗಿ ಬಂದದ್ದು ಗೋದಾ 'ಸತ್ತ' ಮೇಲೆ. ಅವರಿಗೆ ಏನೂ ಗೊತ್ತಿರಲಿಲ್ಲ.

"ವರ್ಷಾವರ್ಷ ತಿಥಿ ಅಡಿಗೆ ನಾನೇ ಮಾಡಿದೀನಿ," ಎಂದು ಗಂಡನ ಮುಖ ನೋಡುತ್ತಾ ಹೇಳಿದರು. "ಹೋದ ವರ್ಷ ಪಾಪ ಒಂಟಿ ಹೆಂಗಸು ಅಂತ ಔಟ್‌ಹೌಸಿಗೂ ವಡೆ ಕಳಿಸಿದ್ದೆ. ತಿಂದ್ರು ಕಣ್ರೀ ಅವರು. ಚೆನ್ನಾಗಿತ್ತು ಅಂತ ಕೈಸನ್ನೇಲಿ ಹೇಳಿ ತಟ್ಟೆ ತೊಳೆದು ಕಳಿಸಿದ್ರು."



* * *

ಸಂಜೆಯ ಹೊತ್ತಿಗೆ ನಂಜಪ್ಪನನ್ನು ಬಿಟ್ಟೆ. ಗಂಡಿನ ಕಡೆಯವರು ಸಂಬಂಧ ಮುರಿದುಕೊಂಡರು. ಸಿನಿಮಾ ಅಜ್ಜಿ ಇದ್ದರೆ ಇರಲಿ ಸಾರ್, ಹೇಳಿಕೊಂಡೇ ತಿರುಗುತ್ತಿದ್ದೆವು, ಕೊಲೆಗಾರನ ಮನೆಯ ಹೆಣ್ಣು ಹೇಗೆ ತರುವುದು ಎಂದ ಹುಡುಗನ ತಂದೆ. ಯಾವುದನ್ನು ಉಳಿಸಲು ಇಷ್ಟೆಲ್ಲ ಮಾಡಿದರೋ ಅದೇ ಹೋಯಿತು. ಏನೂ ತಪ್ಪು ಮಾಡದ ಆ ಹುಡುಗಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಸ್ಪತ್ರೆಯವರು ಸೋಮವಾರ ಹೆಣ ಕೊಟ್ಟರು. ಚಾಮರಾಜಪೇಟೆಯ ಸ್ಮಶಾನಕ್ಕೆ ಬಂಧುಗಳು ಒಬ್ಬರೂ ಬರಲಿಲ್ಲ. ನಂಜಪ್ಪ ಬಂದ. ನಾನು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ದೊರೆಸ್ವಾಮಿಯನ್ನೂ ಕರೆದುಕೊಂಡು ಹೋದೆ, ಕೈಗೆ ಬೇಡಿ ಹಾಕಿ. ಬೆಂಕಿ ಇಡಲು ನಿಮ್ಮನ್ನು ಬಿಡುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಿದ್ದೆ. ನಂಜಪ್ಪ ಇಡುತ್ತಾನೆ ಎಂದಾಗ ಪುರೋಹಿತರು ಯಾವ ಜನ, ಯಾವ ಗೋತ್ರ ಎಂದು ರಾಗ ಎಳೆದರು. ನಾನು ಅವರನ್ನು ಒಂದು ಸಲ ನೋಡಿದೆ. ದರ್ಭೆ ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ಅವಳ ಮುಖ ತೊಳೆದಿದ್ದರು. ಬಣ್ಣವಿಲ್ಲದ ಆ ಮುಖ ದೊರೆಸ್ವಾಮಿಯ ಮುಖದ ಹಾಗೇ ಇತ್ತು. ಅದೇ ಮೂಗು, ಅದೇ ಗಲ್ಲ.

ಪುರೋಹಿತರಿಗೆ ವಯಸ್ಸಾಗಿತ್ತು, ಕಿವಿ ಮಂದ. ಸತ್ತವರ ಹೆಸರು ಹೇಳಿ ಎಂದರು. ನಂಜಪ್ಪ ನನ್ನನ್ನು ನೋಡಿದ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಎಲ್ಲರೂ ದೊರೆಸ್ವಾಮಿಯ ಕಡೆ ತಿರುಗಿದೆವು.

"ಗೋದಾ," ಎಂದರು, ತುಟಿಯಲ್ಲೇ.

"ಜೋರಾಗಿ ಹೇಳಿ ಸ್ವಾಮಿ, ಕೇಳಿಸ್ಲಿಲ್ಲ."

ದೊರೆಸ್ವಾಮಿ ಬೇಡಿ ಬಿದ್ದ ಕೈಗಳಿಂದ ಕಣ್ಣು ಒರೆಸಿಕೊಂಡರು. ಕ್ಲಾಸಿನಲ್ಲಿ ಹಾಜರಿ ಕೂಗುವ ಮೇಷ್ಟರ ದನಿ ಅದು, ಒಮ್ಮೆಗೇ ಮೇಲೆದ್ದಿತು.

"ಗೋದಾ. ನನ್ನಕ್ಕ."

ಪಕ್ಕದ ಚಿತೆಯ ಹತ್ತಿರ ನಿಂತಿದ್ದವರೂ ತಿರುಗಿ ನೋಡಿದರು.