ಸಾರಾಯಿ ಅಂಗಡಿಯ ಜಗಲಿಯಲ್ಲಿ ಸತ್ತವನು

೧೯೮೭ರ ಫೆಬ್ರವರಿ ೧೬, ಸೋಮವಾರ. ಬೆಳಿಗ್ಗೆ ಆರೂವರೆಗೆ ಪರ್ಕಳ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಅಲ್ಲಿಯ ಸಾರಾಯಿ ಅಂಗಡಿಯ ಕೆಲಸಗಾರ ದೇಜಪ್ಪ. ತಲೆಯ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

"ಅಂಗಡಿ ಜಗಲಿಯಲ್ಲಿ ಒಬ್ಬ ಉಂಟು ಸ್ವಾಮೀ. ಏಳುವುದಿಲ್ಲ."

"ಕುಡಿದಿದ್ದಾನಾ?" ಸಬ್ ಇನ್ಸ್‌ಪೆಕ್ಟರ್ ವಾಮನ ಸಾಲಿಯಾನರು ಕೇಳಿದರು.

"ನಿನ್ನೆ ಹಾಗೆಯೇ ಅಂದುಕೊಂಡೆವು. ಇವತ್ತು ಮುಟ್ಟಿದರೆ ತಣ್ಣಗೆ."

ಸಾಲಿಯಾನರು ಹೆಡ್ ಕಾನ್‌ಸ್ಟೇಬಲ್ ಶೇಕಬ್ಬನನ್ನು ಕರೆದುಕೊಂಡು ಹೊರಟರು. ಜಗಲಿಯ ತುಂಬ ಉಗುಳು, ಉಪ್ಪಿನಕಾಯಿಯ ಎಲೆ, ಯಾರದೋ ವಾಂತಿ. ಅದರ ನಡುವೆ ಇಪ್ಪತ್ತೈದರ ಆಸುಪಾಸಿನ ಯುವಕ ಗೋಡೆಗೆ ಒರಗಿದಲ್ಲೇ ವಾಲಿಕೊಂಡಿದ್ದ. ಬರಿಗಾಲು.

"ಚಪ್ಪಲಿ ಎಲ್ಲಿ?"

"ನಿನ್ನೆ ಇತ್ತು. ಯಾರೋ ಹಾಕಿಕೊಂಡು ಹೋದರೋ ಏನೋ."

ಚಪ್ಪಲಿ ಬಿಚ್ಚಿಕೊಳ್ಳಲು ಬಗ್ಗಿದ ಮನುಷ್ಯ, ಸಾಯುತ್ತಿದ್ದವನ ಮುಖ ನೋಡಲು ಬಗ್ಗಲಿಲ್ಲ. ಎಂತಹ ಜನವಪ್ಪ ಇದು ಎಂದು ಸಾಲಿಯಾನರು ಅಂದುಕೊಂಡರು.

ಏಳೂಕಾಲಕ್ಕೆ ಪಂಚನಾಮೆ ಶುರುವಾಯಿತು. ಬಾಯಲ್ಲಿ ಸಾರಾಯಿಯ ವಾಸನೆ ಇಲ್ಲ. ಜೇಬುಗಳು ಖಾಲಿ. ಬಲಗಾಲು ಊದಿ ಕಪ್ಪಾಗಿದೆ, ಹರಡಿನ ಬಳಿ ಎರಡು ತೂತು. ಮೊಣಕಾಲಿನ ಕೆಳಗೆ ವಯರಿಂಗಿನವರು ಬಳಸುವ ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಲಾಗಿದೆ.

"ಕನ್ನಡಿ ಹಾವು ಸಾರ್, ಕೊಳಕುಮಂಡಲ," ಶೇಕಬ್ಬ ಹೇಳಿದ. "ಆದರೆ ಇವನು ಒಬ್ಬನೇ ಇರಲಿಲ್ಲ. ಟೇಪು ಸುತ್ತಿದವನು ಇನ್ನೊಬ್ಬ ಉಂಟು. ಅಷ್ಟು ಮಾಡಿದವನು ಇಲ್ಲಿ ತಂದು ಯಾಕೆ ಹಾಕಿದ? ಮಣಿಪಾಲದ ಆಸ್ಪತ್ರೆ ಬಸ್ಸಿನಲ್ಲಿ ಹತ್ತು ನಿಮಿಷ ಅಲ್ವಾ?"

ಅಸಹಜ ಮರಣವೆಂದು ದಾಖಲಿಸಿ ಶವವನ್ನು ಪರೀಕ್ಷೆಗೆ ಕಳಿಸಿದರು. ಹಾವಿನ ವಿಷವೇ ಕಾರಣವೆಂದು ವೈದ್ಯರು ಮಧ್ಯಾಹ್ನ ತಿಳಿಸಿದರು. ಹಿಂದಿನ ಸಂಜೆಯೇ ತಂದಿದ್ದರೆ ಬದುಕುತ್ತಿದ್ದನೋ ಏನೋ ಎಂದೂ ಹೇಳಿದರು.

ಅಷ್ಟರಲ್ಲಿ ಕಾಪುವಿನಿಂದ ಒಲಿಂಡಾ ಎಂಬ ಶಾಲಾ ಟೀಚರು ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಬಂದರು. ಶವ ಅವರ ತಮ್ಮ ಸಿರಿಲ್‌ನದ್ದೇ ಆಗಿತ್ತು. ಅವರು ಅಳಲಿಲ್ಲ. ಠಾಣೆಯ ಬೆಂಚಿನಲ್ಲಿ ನೆಟ್ಟಗೆ ಕುಳಿತರು.

"ಕುಡಿದು ಸತ್ತ ಅಂತ ಮಾತ್ರ ಬರೆಯಬೇಡಿ. ಅವನು ಕುಡಿಯುವುದಿಲ್ಲ. ಮತ್ತೆ, ಜತೆಗಿದ್ದವರು ಯಾರು? ಅದು ನನಗೆ ಗೊತ್ತಾಗಬೇಕು."

"ವಯರಿಂಗ್ ಕೆಲಸದ ಸ್ನೇಹಿತರು ಇದ್ದಾರಾ?"

"ಜಾರ್ಜ್ ಒಬ್ಬ. ಪಕ್ಕದ ಮನೆಯವನೇ. ಬರುವ ಶುಕ್ರವಾರ ಮಸ್ಕತ್ತಿಗೆ ಹೋಗುವವ." ಒಲಿಂಡಾ ತಡೆದು ಮುಂದುವರಿಸಿದರು. "ನಿನ್ನೆ ರಾತ್ರಿ ಎಂಟು ಗಂಟೆಗೆ ಅವನ ಮನೆಗೆ ಹೋಗಿ ಕೇಳಿದೆ, ಸಿರಿಲ್‌ನನ್ನು ಕಂಡೆಯಾ ಅಂತ. ಕಾಣಲಿಲ್ಲ ಅಂದ. ಊಟ ಮಾಡ್ತಾ ಇದ್ದ."

ಸಾಲಿಯಾನರು ಪೆನ್ನು ಕೆಳಗಿಟ್ಟರು. ಆ ಎಂಟು ಗಂಟೆಗೆ ಸಿರಿಲ್ ಜಗಲಿಯಲ್ಲಿ ನರಳುತ್ತಿದ್ದ ಎಂದು ದೇಜಪ್ಪ ಬೆಳಿಗ್ಗೆಯೇ ಹೇಳಿಕೆ ಕೊಟ್ಟಿದ್ದ.

ಮಂಗಳವಾರ ಬೆಳಿಗ್ಗೆ ಕಾಪುವಿನಲ್ಲಿ ದಫನ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮುಂದಿನವನೇ ಜಾರ್ಜ್. ಮಣ್ಣು ಹಾಕುವವರೆಗೆ ಪೊಲೀಸರು ಗೇಟಿನ ಹೊರಗೆ ಕಾದರು. ಆಮೇಲೆ ಅವನನ್ನು ಅವನ ಮನೆಗೇ ಕರೆದೊಯ್ದು ಪಂಚರ ಸಮಕ್ಷಮ ಶೋಧಿಸಿದಾಗ, ಕೆಲಸದ ಚೀಲದಲ್ಲಿ ಅರ್ಧ ಮುಗಿದ ಕಪ್ಪು ಟೇಪಿನ ಸುರುಳಿ, ಪೇಪರಿನಲ್ಲಿ ಕಟ್ಟಿದ ಒಂದು ಹಿಡಿ ಗಾಂಜಾ ಸಿಕ್ಕಿದವು. ಮೇಜಿನ ಮೇಲೆ ವೀಸಾ ಒತ್ತಿದ ಹೊಸ ಪಾಸ್‌ಪೋರ್ಟ್ ಇತ್ತು.

ಠಾಣೆಯಲ್ಲಿ ವಿಚಾರಣೆ ನಡೆಯಿತು.

"ಹಾವು ಕಚ್ಚಿದ್ದು ಎಲ್ಲಿ?"

"ಪರ್ಕಳದ ಆಚೆ ಪಾದೆಯಲ್ಲಿ, ಬಂಡೆಯ ಸಂದಿನಲ್ಲಿ. ಸೇದಲಿಕ್ಕೆ ಕೂತಿದ್ದೆವು."

"ಗಾಂಜಾ ಯಾರದ್ದು?"

"ಸಿರಿಲ್‌ನ ಜೇಬಿನಲ್ಲಿ ಇತ್ತು. ಬಜಗೋಳಿಯಿಂದ ತಂದದ್ದು."

"ಕಚ್ಚಿದ ಮೇಲೆ ಮೊದಲು ಎಂತ ಮಾಡಿದೆ? ಕಾಲು ಕಟ್ಟಿದೆಯಾ, ಜೇಬು ಖಾಲಿ ಮಾಡಿದೆಯಾ?"

ಜಾರ್ಜ್ ತಲೆ ಎತ್ತಲಿಲ್ಲ. "ಜೇಬು."

ಶೇಕಬ್ಬ ಎದ್ದು ಹೊರಗೆ ಹೋಗಿ ಉಗುಳಿ ಬಂದ.

"ಮತ್ತೆ ಕಾಲು ಕಟ್ಟಿದೆ. ಬೆನ್ನ ಮೇಲೆ ಹೊತ್ತು ರಸ್ತೆವರೆಗೆ ತಂದೆ. ಆಸ್ಪತ್ರೆಗೆ ಹೋಗುವ, ಆಸ್ಪತ್ರೆಗೆ ಹೋಗುವ ಅಂತ ಅವನು ಹೇಳ್ತಾನೇ ಇದ್ದ."

"ಯಾಕೆ ಹೋಗಲಿಲ್ಲ?"

"ಹಾವು ಕಚ್ಚಿದ ಕೇಸಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸ್ತಾರೆ. ಪೊಲೀಸರು ಬಂದು ಎಲ್ಲಿ, ಯಾಕೆ ಅಂತ ಕೇಳ್ತಾರೆ. ನಮ್ಮ ಬಟ್ಟೆಯಲ್ಲೆಲ್ಲ ಅದರ ವಾಸನೆ. ಸಯೀದನಿಗೆ ಆದದ್ದು ಗೊತ್ತುಂಟಲ್ಲ? ಅವನನ್ನು ಹಿಡಿದದ್ದು ನೀವೇ ಅಲ್ವಾ?"

ಹಿಡಿದದ್ದು ಸಾಲಿಯಾನರೇ. ಕಳೆದ ನವೆಂಬರಿನಲ್ಲಿ ಸಯೀದ್ ಎಂಬ ಕಾಪುವಿನ ಯುವಕ ಬೈಕಿನಿಂದ ಬಿದ್ದ ಗೆಳೆಯನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿಬಂದಿದ್ದ. ಅಪಘಾತದ ಹೇಳಿಕೆ ಬರೆಯಲು ಹೋದ ಸಾಲಿಯಾನರಿಗೆ ಅವನ ಅಂಗಿಯಲ್ಲಿ ಎರಡು ಬೀಡಿಗಾಗುವಷ್ಟು ಗಾಂಜಾ ಸಿಕ್ಕಿತ್ತು. ಹಿಂದೆಲ್ಲ ಇಷ್ಟಕ್ಕೆ ಗದರಿಸಿ ಬಿಡುತ್ತಿದ್ದರು. ಮಾದಕ ವಸ್ತುಗಳ ಹೊಸ ಕಾಯಿದೆ ಬಂದು ಒಂದು ವರ್ಷವಾಗಿತ್ತು, ಮೇಲಿನವರಿಗೆ ಕೇಸುಗಳು ಬೇಕಿದ್ದವು. ಪೇಪರಿನಲ್ಲಿ ಸಯೀದನ ಪಕ್ಕ ಸಾಲಿಯಾನರ ಫೋಟೋ ಬಂತು. ಗೆಳೆಯ ಬದುಕಿದ. ಸಯೀದ್ ಸೌದಿಗೆ ಹೋಗುವುದು ತಪ್ಪಿತು.

"ಸಾರಾಯಿ ಅಂಗಡಿಯಲ್ಲಿ ಯಾಕೆ ಬಿಟ್ಟೆ?" ಕೊನೆಗೆ ಕೇಳಿದರು.

"ಭಾನುವಾರ ಅಲ್ಲಿ ಜನ ಜಾಸ್ತಿ. ಯಾರಾದರೂ ನೋಡಿ ಆಸ್ಪತ್ರೆಗೆ ಕೊಂಡುಹೋಗ್ತಾರೆ ಅಂದುಕೊಂಡೆ. ಅಲ್ಲಿ ಬಿದ್ದವನ ಜೇಬನ್ನು ಪೊಲೀಸರು ನೋಡುವುದಿಲ್ಲ." ಜಾರ್ಜ್ ಅಂಗೈಯಿಂದ ಮುಖ ಉಜ್ಜಿಕೊಂಡ. "ಅಲ್ಲಿ ಬಿದ್ದವನನ್ನು ಯಾರೂ ನೋಡುವುದಿಲ್ಲ ಅಂತ ನನಗೆ ಹೊಳೆಯಲಿಲ್ಲ."

ಮೇಲಧಿಕಾರಿ ಸರ್ಕಲ್ ಸಾಹೇಬರು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ಹಾವಿನದ್ದು ಬಿಡಿ ಮಾರಾಯ್ರೆ. ಗಾಂಜಾ ಸಿಕ್ಕಿದೆ ಅಲ್ವಾ? ಅದರಲ್ಲಿ ಹಾಕಿ. ಒಳ್ಳೆಯ ಕೇಸು."

ಸಾಲಿಯಾನರು ದಂಡ ಸಂಹಿತೆಯನ್ನು ಹಿಂದುಮುಂದೆ ಮಗುಚಿದರು. ಸಾಯುವ ಗೆಳೆಯನನ್ನು ಜಗಲಿಯಲ್ಲಿ ಬಿಟ್ಟುಹೋಗಿ ಮನೆಯಲ್ಲಿ ಕೂತು ಉಂಡವನ ಮೇಲೆ ಕೋರ್ಟಿನಲ್ಲಿ ನಿಲ್ಲುವ ಕಲಮು ಒಂದೂ ಸಿಗಲಿಲ್ಲ. ಒಂದು ಹಿಡಿ ಸೊಪ್ಪಿಗೆ ಕಲಮು ಇತ್ತು. ಜಾರ್ಜ್‌ನ ಮೇಲೆ, ಮೇಲಿನವರ ಮೇಲೆ, ತನ್ನ ಮೇಲೆ, ಮೂವರ ಮೇಲೂ ಅವರಿಗೆ ಒಟ್ಟಿಗೇ ಹೇಸಿಗೆ ಹುಟ್ಟಿತು. ಸಂಜೆ ಐದಕ್ಕೆ ಎಫ್‌ಐಆರ್ ದಾಖಲಾಯಿತು, ಜಾರ್ಜ್‌ನ ದಸ್ತಗಿರಿಯಾಯಿತು.

ಒಲಿಂಡಾ ಬಾಗಿಲಲ್ಲಿ ನಿಂತಿದ್ದರು.

"ಯಾವುದಕ್ಕೆ ಹಿಡಿದಿರಿ ಅವನನ್ನು?"

"ಗಾಂಜಾ ಇಟ್ಟುಕೊಂಡದ್ದಕ್ಕೆ."

"ನನ್ನ ತಮ್ಮನ ಕೇಸು?"

"ಹಾವು ಕಚ್ಚಿ ಸತ್ತದ್ದು. ಅದು ಮುಗಿಯಿತು ಟೀಚರೇ."

ಒಲಿಂಡಾ ಬಸ್ ನಿಲ್ದಾಣದ ಕಡೆಗೆ ನಡೆದರು. ಸಾಲಿಯಾನರು ಒಳಗೆ ಬಂದು ಕೇಸ್ ಡೈರಿ ತೆರೆದರು. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯದಿರಲು ಕಾರಣ ಎಂದು ಬರೆದು, ಅದರ ಮುಂದೆ 'ಪೊಲೀಸರ ಭಯ' ಎಂದು ಸೇರಿಸಿದರು. ಆ ಸಾಲನ್ನು ಸರ್ಕಲ್ ಸಾಹೇಬರು ಹೊಡೆದುಹಾಕಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಕೆಳಗೆ ಸಹಿ ಮಾಡಿ ದಿನಾಂಕ ಹಾಕಿದರು.